ಏಳನೇ ತರಗತಿಯ ಸಮ್ಮತಿ

ಶಾಲೆಯ ಕಟ್ಟಡವೇ ಮಕ್ಕಳನ್ನು ‘ಸೆಕೆಯಾಗುತ್ತಿದೆಯೇ’ ಎಂದು ಕೇಳಿ, ಅವರು ಬೇಕೆಂದಷ್ಟೇ ತಂಪನ್ನು ಕೊಡುವಂತಿದ್ದರೆ ಹೇಗೆ? ಸಭೆಯೊಂದರಲ್ಲಿ ಈ ಪ್ರಶ್ನೆಯನ್ನು ಮೊದಲು ಎತ್ತಿದವಳು ನಾನೇ. ಎಲ್ಲರೂ ತಲೆದೂಗಿದರು. ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಒಳ್ಳೆಯ ಪ್ರಶ್ನೆ ಕೇಳಿದವರಿಗೆ ಉತ್ತರದ ಹೊಣೆ ಇರುವುದಿಲ್ಲ ಎಂದು ನಾನು ನಂಬಿದ್ದ ಕಾಲ ಅದು. ಈಗ ಆ ಹೊಣೆಯನ್ನು ಇಳಿಸಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ಅದು ಬರೆದರೆ ಇಳಿಯುವಂಥದ್ದಲ್ಲ.

ನನ್ನ ಹೆಸರು ಕಾಶಿ. ಹಸಿರು ಶಾಲಾ ಮಂಡಳಿಯಲ್ಲಿ ಎಂಜಿನಿಯರ್. ಯಾವ ಶಾಲೆಗೆ ಯಾವ ತಂಪು ವ್ಯವಸ್ಥೆ ಹೊಂದುತ್ತದೆ ಎಂದು ಲೆಕ್ಕ ಹಾಕಿ ಆರಿಸುವುದು ನನ್ನ ಕೆಲಸ. ‘ಶಿವರಾತ್ರಿಗೆ ಚಳಿ ಶಿವಶಿವಾ ಎನ್ನುತ್ತಾ ಹೋಗುತ್ತದೆ’ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಚಳಿಗೆ ಅಷ್ಟು ದಿನ ಕಾಯುವ ತಾಳ್ಮೆ ಉಳಿದಿರಲಿಲ್ಲ. ಸಂಕ್ರಾಂತಿಯ ಎಳ್ಳು ಬೀರುವಾಗಲೇ ಕಲಬುರಗಿ ಸೀಮೆಯಲ್ಲಿ ಮೂವತ್ತೆಂಟು ಡಿಗ್ರಿ ಮುಟ್ಟುತ್ತಿತ್ತು, ಏಪ್ರಿಲ್‌ನಲ್ಲಿ ನಲವತ್ತೇಳು. ಹೀಗಾಗಿ ಸರ್ಕಾರ ಒಂದು ಕಾನೂನು ತಂದಿತು. ತಂಪು ವ್ಯವಸ್ಥೆ ಇಲ್ಲದ ಶಾಲೆಗಳನ್ನು ಫೆಬ್ರವರಿಯಿಂದ ಜೂನ್ ನಡುವಿನವರೆಗೆ ಮುಚ್ಚಬೇಕು. ತಂಪು ವ್ಯವಸ್ಥೆ ಇರುವ ಶಾಲೆ ತೆರೆದಿರಬಹುದು, ಆದರೆ ಅದಕ್ಕೆ ಹಸಿರು ಪ್ರಮಾಣಪತ್ರ ಬೇಕು. ಎಂದರೆ, ಮಂಡಳಿ ಗೊತ್ತು ಮಾಡಿದ ಮಿತಿಗಿಂತ ಹೆಚ್ಚು ಕರೆಂಟು ಉರಿಸುವಂತಿಲ್ಲ. ಮಿತಿ ದಾಟಿದರೆ ಬೀಗ.

ಕಾನೂನು ಓದಲು ಚೆನ್ನಾಗಿತ್ತು. ಹಾಸಗಲ್ಲೂರಿನಲ್ಲಿ ಅದರ ಅರ್ಥ ಬೇರೆಯಾಗಿತ್ತು. ಅದು ಫರಸಿ ಕಲ್ಲಿನ ಖಣಿಗಳ ಊರು. ನೆಲ ಅಗೆದರೆ ಹಲಗೆ ಹಲಗೆಯಾಗಿ ಕಲ್ಲು ಏಳುತ್ತದೆ. ಮನೆಯ ಗೋಡೆ, ಮಾಡು, ನೆಲ, ಕೊನೆಗೆ ಹಂದರದ ಕಂಬವೂ ಅದೇ ಕಲ್ಲು. ಶಾಲೆ ಮುಚ್ಚಿದ ದಿನವೇ ದೊಡ್ಡ ಹುಡುಗ ಹುಡುಗಿಯರು ಅಪ್ಪ ಅವ್ವನ ಹಿಂದೆ ಖಣಿಗೆ ಇಳಿಯುತ್ತಿದ್ದರು. ಆ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ ನನ್ನ ಅಕ್ಕ ಅಂಬಿಕಾ.

ವ್ಯವಸ್ಥೆ ಆರಿಸುವ ಮುನ್ನ ಶಾಲೆ ನೋಡಲೆಂದು ಹೋದವಳು ಅಕ್ಕನ ಮನೆಯಲ್ಲೇ ಉಳಿದುಕೊಂಡಿದ್ದೆ. ಬೆಳಿಗ್ಗೆ ಅಕ್ಕ ರೊಟ್ಟಿ ಬಡಿಯುತ್ತಾ, ನನ್ನ ನಕ್ಷೆಗಳನ್ನು ಕಡೆಗಣ್ಣಿನಲ್ಲಿ ನೋಡುತ್ತಾ ಹೇಳಿದಳು:

“ನೋಡ ಕಾಶಿ, ನಿನ್ನ ಪಂಪು ಪೈಪು ನಂಗ ತಿಳಿಯಂಗಿಲ್ಲ. ಹೋದ ವರ್ಷ ಬ್ಯಾಸಗ್ಯಾಗ ಶಾಲಿ ಮುಚ್ಚಿದ್ವಿ. ಜೂನದಾಗ ಬೀಗ ತಗದಾಗ ಏಳನೇ ಕ್ಲಾಸಿನಾಗ ಒಂಬತ್ತು ಮಂದಿ ವಾಪಸ್ ಬರಲಿಲ್ಲ. ಖಣಿಗಿ ಇಳದೋರು ಇಳದೇ ಬಿಟ್ರು. ನಂಗ ಬ್ಯಾಸಗ್ಯಾಗ ಶಾಲಿ ತಗದಿರಬೇಕು. ಬ್ಯಾರೆ ಏನೂ ಬ್ಯಾಡ.”

“ತಗದಿರತದ ಅಕ್ಕ,” ಎಂದೆ. “ನನ್ನ ಮ್ಯಾಲ ಬಿಡು.”

ಬಿಟ್ಟಳು. ಅವಳು ಮಾಡಿದ ತಪ್ಪು ಅದೊಂದೇ.

ಬೆಂಗಳೂರಿನಲ್ಲಿ ಆಯ್ಕೆ ಸಮಿತಿಯ ಸಭೆ ನಡೆಯಿತು. ಅಧ್ಯಕ್ಷರು ವೇಣುಮಾಧವ ಅವರು. ಮಿತಭಾಷಿ, ಓದಿಕೊಂಡವರು, ಯಾರಿಗೂ ಕೆಟ್ಟದ್ದು ಬಯಸದವರು. ಪ್ರಮಾಣಪತ್ರದ ಅರ್ಜಿಯನ್ನು ಯಾವುದೋ ಹಿಮ ಬೀಳುವ ದೇಶದಿಂದ ಹಾಗೇ ಇಳಿಸಿಕೊಂಡಿದ್ದರಿಂದ ಮೊದಲ ಪುಟದಲ್ಲೇ ‘ಚಳಿಗಾಲದಲ್ಲಿ ಕೊಠಡಿ ಬಿಸಿ ಮಾಡುವ ವ್ಯವಸ್ಥೆ ಯಾವುದು’ ಎಂಬ ಪ್ರಶ್ನೆ ಇತ್ತು. ಖಾಲಿ ಬಿಟ್ಟರೆ ಅರ್ಜಿ ಮುಂದೆ ಹೋಗುತ್ತಿರಲಿಲ್ಲ. ‘ಸೂರ್ಯ’ ಎಂದು ಬರೆದೆ. ಹತ್ತಕ್ಕೆ ಹತ್ತು ಅಂಕ ಬಂತು. ಹಾಸಗಲ್ಲೂರು ಕಷ್ಟಪಡದೆ ಗಳಿಸಿದ್ದು ಆ ಹತ್ತು ಅಂಕ ಮಾತ್ರ.

ತಂಪಿಗೆ ಮೂರು ದಾರಿಗಳಿದ್ದವು. ಮೊದಲನೆಯದು ನೀರಿನ ಕೂಲರ್. ಒಣಹವೆಗೆ ಅದೇ ಸರಿ, ಅಗ್ಗ ಕೂಡ. ಆದರೆ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಊರಿನಲ್ಲಿ ಅದನ್ನು ಬಾಯಿ ಬಿಟ್ಟು ಹೇಳಲೂ ನಾಚಿಕೆಯಾಯಿತು. ಎರಡನೆಯದನ್ನು ನಾವು ಮೂಕಯಂತ್ರ ಎಂದು ಕರೆಯುತ್ತಿದ್ದೆವು. ಕೊಠಡಿಯ ಶಾಖವನ್ನು ಪಂಪು ಹೀರಿ, ಕೊಳವೆಗಳ ಮೂಲಕ ಆಳದ ನೆಲಕ್ಕೆ ಬಿಡುತ್ತದೆ. ಮಕ್ಕಳು ಏನೇ ಅನ್ನಲಿ, ಅನ್ನದಿರಲಿ, ಕೊಠಡಿಯನ್ನು ಇಪ್ಪತ್ತೆಂಟು ಡಿಗ್ರಿಗೆ ನಿಲ್ಲಿಸುತ್ತದೆ. ಅದು ಕರೆಂಟಿನ ಮಿತಿಯನ್ನು ಸ್ವಲ್ಪ ದಾಟುತ್ತಿತ್ತು. ಮಿತಿಯನ್ನು ಸ್ವಲ್ಪ ಸಡಿಲಿಸಿ ಎಂದು ಹೋರಾಡಬಹುದಿತ್ತು. ನಾನು ಹೋರಾಡಲಿಲ್ಲ, ಏಕೆಂದರೆ ಮೂರನೆಯದು ನನ್ನದೇ ಕೂಸಾಗಿತ್ತು. ಅದರ ಹೆಸರು ‘ಸಮ್ಮತಿ’.

ಸಮ್ಮತಿಯಲ್ಲೂ ಪಂಪು, ನೆಲದಾಳದ ಕೊಳವೆ ಎಲ್ಲ ಅವೇ. ವ್ಯತ್ಯಾಸ ಇಷ್ಟೇ: ಬೆಳಗಿನ ಬಿಸಿಲಿನ ಕರೆಂಟಿನಲ್ಲಿ ಪಂಪು ಒಂದು ದೊಡ್ಡ ತೊಟ್ಟಿಯ ನೀರನ್ನು ತಣ್ಣಗೆ ಮಾಡಿಡುತ್ತದೆ. ಅದೇ ಆ ದಿನದ ತಂಪಿನ ಪಾಲು. ಆ ನೀರು ಎಂಟು ಕೊಠಡಿಗಳ ಫರಸಿಯ ಕೆಳಗೆ ಸಣ್ಣ ಕೊಳವೆಗಳಲ್ಲಿ ಹರಿದು ನೆಲವನ್ನು ತಂಪಾಗಿಸುತ್ತದೆ. ಯಾವ ಕೊಠಡಿಗೆ ಎಷ್ಟು ಎಂದು ತೀರ್ಮಾನಿಸುವವರು ಮಕ್ಕಳು. ಪ್ರತಿಯೊಬ್ಬರ ಮುಂದೆ ಒಂದು ನೀಲಿ ಗುಂಡಿ. ಸೆಕೆ ಎನಿಸಿದರೆ ಒತ್ತಬೇಕು. ಒತ್ತದಿದ್ದರೆ ಆರಾಮಾಗಿದ್ದಾರೆ ಎಂದರ್ಥ. ದಿನ ಕಳೆದಂತೆ ಯಂತ್ರ ಆ ಮಕ್ಕಳ ಸಹನೆಯನ್ನು ಕಲಿತು, ಬೇಡದ ಕಡೆ ತಂಪು ಪೋಲಾಗದಂತೆ ನೋಡಿಕೊಳ್ಳುತ್ತದೆ.

“ಒತ್ತದೇ ಇರೋದು ಆರಾಮ ಅಂತ ಹೇಗೆ ತಗೋತೀರಿ?” ಎಂದು ವೇಣುಮಾಧವ ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

“ಮೌನಂ ಸಮ್ಮತಿ ಲಕ್ಷಣಂ, ಸರ್,” ಎಂದೆ. ಎಲ್ಲರೂ ನಕ್ಕರು. ಆ ನಗುವಿನಲ್ಲೇ ಹಾಸಗಲ್ಲೂರಿನ ಆಯ್ಕೆ ಮುಗಿಯಿತು.

ಜನವರಿಯಲ್ಲಿ ಯಂತ್ರ ಶುರುವಾಯಿತು. ಉದ್ಘಾಟನೆಯ ದಿನ ಮಕ್ಕಳು ಚಪ್ಪಲಿ ಬಿಟ್ಟು ತಣ್ಣನೆಯ ಫರಸಿಯ ಮೇಲೆ ಅಂಗಾಲು ಊರಿ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದನೇ ತರಗತಿಯ ಮಕ್ಕಳಂತೂ ಕೆನ್ನೆ ಹಚ್ಚಿ ಮಲಗಿಯೇಬಿಟ್ಟರು. ನೀಲಿ ಗುಂಡಿಯ ವಿಷಯ ಹೇಳಿಕೊಡುವಾಗ ಏಳನೇ ತರಗತಿಯ ಒಬ್ಬ ಹುಡುಗಿ ಎದ್ದು ನಿಂತಳು. ರತ್ನಮಾಲಾ ಎಂದು ಹೆಸರು, ತರಗತಿಯ ಲೀಡರ್. ಅವಳ ಅಕ್ಷರ ಎಷ್ಟು ದುಂಡಗಿತ್ತೆಂದರೆ ಶಾಲೆಯ ಗೋಡೆಯ ಮೇಲಿನ ಸುಭಾಷಿತಗಳನ್ನೆಲ್ಲ ಅಕ್ಕ ಅವಳ ಕೈಯಲ್ಲೇ ಬರೆಸಿದ್ದಳು.

“ಮೇಡಮ್ರ, ಎಲ್ಲಾ ಕ್ಲಾಸಿನೋರೂ ಒಮ್ಮಿಗೇ ಒತ್ತಿದ್ರ ನೀರು ಸಾಲತಾವೇನ್ರಿ?”

“ಅದನ್ನ ಯಂತ್ರ ನೋಡ್ಕೋತದ. ನೀವು ಒತ್ತೋದಷ್ಟ,” ಎಂದೆ. ತೊಟ್ಟಿ ಎಷ್ಟು ದೊಡ್ಡದಿರಬೇಕು ಎಂದು ಲೆಕ್ಕ ಹಾಕುವಾಗ ನಾನು ಕೇಳಿಕೊಳ್ಳಬೇಕಿದ್ದ ಪ್ರಶ್ನೆಯನ್ನು ಹನ್ನೆರಡು ವರ್ಷದ ಹುಡುಗಿ ಕೇಳಿದ್ದಳು. ಜಾಣ ಹುಡುಗಿ ಎಂದು ಬೆನ್ನು ತಟ್ಟಿ ಬಂದೆ.

ಮಂಡಳಿಯ ನಿಯಂತ್ರಣ ಕೊಠಡಿ ಬೆಂಗಳೂರಿನಲ್ಲಿತ್ತು. ಅಲ್ಲಿನ ಯಂತ್ರಗಳು ಸೆಕೆ ತಡೆಯುವುದಿಲ್ಲವೆಂದು ಸದಾ ಇಪ್ಪತ್ತೊಂದು ಡಿಗ್ರಿ ಇಟ್ಟಿರುತ್ತಿದ್ದರು. ನಾನು ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದೆ. ಎದುರಿನ ಪರದೆಯ ಮೇಲೆ ಹಾಸಗಲ್ಲೂರಿನ ಎಂಟು ಕೊಠಡಿಗಳು, ಅವುಗಳ ಬಿಸಿ, ಅವುಗಳ ನೀಲಿ ಚುಕ್ಕೆಗಳು. ಫೆಬ್ರವರಿಯಲ್ಲಿ ಎಲ್ಲ ಕೊಠಡಿಗಳಲ್ಲೂ ನೀಲಿ ಮಿಣುಕುತ್ತಿತ್ತು. ಮಾರ್ಚ್ ಬರುತ್ತಿದ್ದಂತೆ ಏಳನೇ ತರಗತಿಯಲ್ಲಿ ಚುಕ್ಕೆಗಳು ಕಡಿಮೆಯಾದವು. ಮಾರ್ಚ್ ನಡುವಿಗೆ ಒಂದೂ ಇಲ್ಲ. ಹೊರಗೆ ನಲವತ್ತೆರಡು, ಕೊಠಡಿಯಲ್ಲಿ ಮೂವತ್ತೈದು, ಗುಂಡಿ ಒತ್ತುವವರಿಲ್ಲ. ಯಂತ್ರ ಕಲಿಯಿತು. ಅವರಿಗೆ ಮೂವತ್ತೈದು ಸಾಕು ಎಂದು ಬರೆದುಕೊಂಡಿತು. ಮರುವಾರ ಮೂವತ್ತಾರು ಕೊಟ್ಟು ನೋಡಿತು. ಆಗಲೂ ಯಾರೂ ಒತ್ತಲಿಲ್ಲ.

ನನಗೆ ಆದದ್ದು ಸಂತೋಷ. ಮುಚ್ಚಿಡುವುದೇಕೆ, ಹೆಮ್ಮೆಯೇ ಆಯಿತು. ಮನುಷ್ಯನ ಮೈ ಎಷ್ಟು ಬೇಗ ಹೊಂದಿಕೊಳ್ಳುತ್ತದೆ ಎಂಬುದಕ್ಕೆ ಇಷ್ಟು ಚೊಕ್ಕ ಸಾಕ್ಷಿ ಯಾವ ಪುಸ್ತಕದಲ್ಲೂ ಇರಲಿಲ್ಲ. ವೇಣುಮಾಧವ ಅವರು ನನ್ನ ಕುರ್ಚಿಯ ಹಿಂದೆ ನಿಂತು ಬಹಳ ಹೊತ್ತು ಆ ರೇಖೆ ನೋಡಿದರು. ಅದಕ್ಕೆ ‘ಹಾಸಗಲ್ಲೂರು ರೇಖೆ’ ಎಂದು ಹೆಸರಿಟ್ಟವರೂ ಅವರೇ. ತಿಂಗಳೊಳಗೆ ಬಿಸಿಲು ಸೀಮೆಯ ನಾನೂರು ಶಾಲೆಗಳ ಯಂತ್ರಗಳಿಗೆ ಆ ರೇಖೆಯನ್ನೇ ತುಂಬಿದರು. ದೊಡ್ಡ ಮಕ್ಕಳಿಗೆ ಮೂವತ್ತಾರು ಸಾಕು ಎಂಬ ಲೆಕ್ಕದ ಮೇಲೆ ಅವುಗಳಲ್ಲಿ ಹೊಸದಾದ ಇನ್ನೂರು ಶಾಲೆಗಳಿಗೆ ಚಿಕ್ಕ ತೊಟ್ಟಿ, ಚಿಕ್ಕ ಪಂಪು ಇಟ್ಟೇ ಪ್ರಮಾಣಪತ್ರ ಕೊಟ್ಟರು. ನನ್ನ ಫೋಟೋ ಮಂಡಳಿಯ ಪತ್ರಿಕೆಯಲ್ಲಿ ಬಂತು.

ಅಕ್ಕನಿಗೆ ಫೋನ್ ಮಾಡಿ ಕೇಳಿದ್ದೆ, “ಏಳನೇ ಕ್ಲಾಸಿನೋರು ಗುಂಡಿ ಒತ್ತಂಗೇ ಇಲ್ಲಲ್ಲ ಅಕ್ಕ, ಆರಾಮ ಅದಾರೇನು?”

“ನಮ್ಮ ಹುಡುಗರು ಗಟ್ಟಿ ಅವ,” ಎಂದಳು. ಸ್ವಲ್ಪ ತಡೆದು, “ಶಾಲಿ ತಗದದಲ್ಲ, ಸಾಕು,” ಎಂದೂ ಸೇರಿಸಿದಳು. ಆ ತಡೆದದ್ದನ್ನು ನಾನು ಗಮನಿಸಲಿಲ್ಲ.

ಏಪ್ರಿಲ್ ಹನ್ನೊಂದರಂದು ಮಧ್ಯಾಹ್ನ ಎರಡೂವರೆಗೆ, ಗಣಿತದ ಪಾಠ ನಡೆಯುವಾಗ, ರತ್ನಮಾಲಾ ಕೂತಲ್ಲಿಂದ ಪಕ್ಕಕ್ಕೆ ವಾಲಿ ಬಿದ್ದಳು. ಮೈ ಕಾದಿತ್ತು, ಬೆವರು ನಿಂತುಹೋಗಿತ್ತು, ಏನೇನೋ ಕನವರಿಸುತ್ತಿದ್ದಳು. ಪಕ್ಕದ ಖಣಿಯ ಟ್ರ್ಯಾಕ್ಟರ್‌ನಲ್ಲಿ ಒದ್ದೆ ಚಾದರ ಹೊದಿಸಿ ತಾಲೂಕು ಆಸ್ಪತ್ರೆಗೆ ಒಯ್ದರು. ಆ ಹೊತ್ತಿನಲ್ಲಿ ನನ್ನ ಪರದೆಯ ಮೇಲೆ ಏಳನೇ ತರಗತಿಯಲ್ಲಿ ಎಲ್ಲರೂ ಆರಾಮಾಗಿದ್ದರು.

ಹುಡುಗಿ ಬದುಕಿದಳು. ಆದರೆ ಮೈಯ ಕಾವು ಮಿದುಳಿಗೆ ಏರಿ, ನಡಿಗೆ ಮತ್ತು ಕೈಯ ಹಿಡಿತ ನೋಡಿಕೊಳ್ಳುವ ಭಾಗವನ್ನು ಸುಟ್ಟಿತ್ತು. ನಡೆಯುವಾಗ ಗೋಡೆ ಹಿಡಿಯಬೇಕು. ಮಾತು ಎಳೆಯುತ್ತದೆ. ಪೆನ್ಸಿಲ್ ಹಿಡಿದರೆ ಕೈ ನಡುಗಿ ಅಕ್ಷರ ಗೆರೆ ಬಿಟ್ಟು ಹೋಗುತ್ತದೆ. ಸರಿಹೋಗಬಹುದು, ಹೋಗದೆಯೂ ಇರಬಹುದು ಎಂದರು ಡಾಕ್ಟರು. ಮೂರನೇ ದಿನ ನಾನು ಹಾಸಗಲ್ಲೂರಿಗೆ ಹೋದೆ.

ಮಧ್ಯಾಹ್ನ ಎರಡು ಗಂಟೆಗೆ ಏಳನೇ ತರಗತಿಯಲ್ಲಿ ಕೂತೆ. ಹಿಂದಿನ ಸಾಲಿನಲ್ಲಿ, ರತ್ನಮಾಲಾಳ ಜಾಗದಲ್ಲಿ. ಮೂವತ್ತಾರು ಡಿಗ್ರಿ ಎಂಬುದನ್ನು ನಾನು ಸಾವಿರ ಸಲ ಬರೆದಿದ್ದೆ, ಒಮ್ಮೆಯೂ ಅದರೊಳಗೆ ಕೂತಿರಲಿಲ್ಲ. ನಲವತ್ತು ಮಕ್ಕಳ ಉಸಿರು ಬೇರೆ. ಅರ್ಧ ಗಂಟೆಗೆ ತಲೆ ಧಿಂ ಎನ್ನತೊಡಗಿತು. ಗೋಡೆಯ ಮೇಲಿನ ಅಕ್ಷರಗಳು ಕೂಡಿಕೊಂಡವು. ನಾನು ನೀಲಿ ಗುಂಡಿಗೆ ಕೈ ಚಾಚಿದೆ. ಪಕ್ಕದಲ್ಲಿದ್ದ ಹುಡುಗಿ ಮೆಲ್ಲಗೆ ನನ್ನ ಮಣಿಕಟ್ಟು ಹಿಡಿದಳು.

“ಒತ್ತಬ್ಯಾಡ್ರಿ ಮೇಡಮ್ರ.”

“ಯಾಕ?”

“ನಾವು ಒತ್ತಿದ್ರ ಒಂದನೇ ಕ್ಲಾಸಿನಾಗ ನೆಲ ಬಿಸಿ ಆಗತದ್ರಿ.”

ನನಗೆ ಕೂಡಲೇ ಅರ್ಥವಾಗಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಹೇಳಿದರು. ಮಾರ್ಚ್ ಮೊದಲ ವಾರದಲ್ಲಿ ರತ್ನಮಾಲಾ ಅದನ್ನು ಕಂಡುಹಿಡಿದಿದ್ದಳು. ಊಟದ ಬಿಡುವಿನಲ್ಲಿ ತಂಗಿಯನ್ನು ನೋಡಲು ಒಂದನೇ ತರಗತಿಗೆ ಹೋಗುತ್ತಿದ್ದವಳಿಗೆ, ತಾವು ಗುಂಡಿ ಒತ್ತಿದ ದಿನ ಅಲ್ಲಿಯ ಫರಸಿ ಬೆಚ್ಚಗಿರುವುದು ಅಂಗಾಲಿಗೆ ತಿಳಿಯಿತು. ಎರಡು ದಿನ ಒತ್ತಿ, ಎರಡು ದಿನ ಬಿಟ್ಟು, ಓಡಿಹೋಗಿ ನೆಲ ಮುಟ್ಟಿ ಪರೀಕ್ಷೆ ಮಾಡಿದ್ದಳು. ಆಮೇಲೆ ತರಗತಿಯಲ್ಲಿ ನಿಂತು ಒಂದು ಮಾತು ಹೇಳಿದಳು. ಖಣಿಯಲ್ಲಿ ನೀರಿನ ಕೊಡ ಬಂದಾಗ ಮೊದಲು ಕುಡಿಯುವುದು ಸಣ್ಣವರು, ಕೊನೆಗೆ ದೊಡ್ಡವರು. ಯಾರಿಗೆ ಎಷ್ಟೇ ದಾಹವಿರಲಿ, ಆ ಸಾಲು ತಪ್ಪಿಸುವಂತಿಲ್ಲ. ತಪ್ಪಿಸಿದವನ ಜೊತೆ ಮರುದಿನ ಯಾರೂ ಕಲ್ಲು ಎತ್ತುವುದಿಲ್ಲ. ಇದೂ ಅದೇ ಅಲ್ಲವೇ ಎಂದಳಂತೆ. ಎಲ್ಲರೂ ಹೂಂ ಎಂದರು. ಅಂದಿನಿಂದ ಏಳನೇ ತರಗತಿಯವರು ಗುಂಡಿ ಮುಟ್ಟಿರಲಿಲ್ಲ.

ನಾನು ಆ ತಣ್ಣನೆಯ ಕೋಣೆಯಲ್ಲಿ ಸ್ವೆಟರ್ ಹಾಕಿಕೊಂಡು ಕೂತು, ಅದನ್ನು ಮೈ ಹೊಂದಿಕೊಂಡದ್ದು ಎಂದು ಓದಿದ್ದೆ. ತಮಗಿಂತ ಸಣ್ಣವರಿಗೆ ಪಾಲು ಬಿಟ್ಟುಕೊಟ್ಟದ್ದನ್ನು ಬೇಡವೆಂದರು ಎಂದು ಬರೆದುಕೊಂಡಿದ್ದೆ. ಈಗ ಅದೇ ಬರಹ ನಾನೂರು ಶಾಲೆಗಳಿಗೆ ಹೋಗಿ ಕೂತಿತ್ತು. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಸಂಜೆ ಅಕ್ಕನ ಮನೆಯ ಕಟ್ಟೆಯ ಮೇಲೆ ಕೂತು ಕೇಳಿದೆ. “ನಿಂಗ ಗೊತ್ತಿತ್ತಾ?”

“ಆ ಖೋಲಿಗಿ ಹೋದ್ರ ನಂಗೂ ಸೀರಿ ಮೈಗಿ ಅಂಟತಿತ್ತು, ಕಾಶಿ. ಯಾಕ ಒತ್ತವಲ್ಲಿರಿ ಅಂತ ಕೇಳಬೇಕಂತ ಬಾಯಿ ತನಕ ಬರತಿತ್ತು. ಕೇಳಿದ್ರ ಖರೇ ಹೇಳತಾರ. ಖರೇ ಗೊತ್ತಾದ್ರ ನೀರು ಸಾಲಂಗಿಲ್ಲ ಅಂತ ಮ್ಯಾಲ ಬರೀಬೇಕು, ದೊಡ್ಡ ಪಂಪು ಹಚ್ಚಿದ್ರ ಕರೆಂಟು ಮಿತಿ ದಾಟತದ, ಬೀಗ ಬೀಳತದ. ಅದಕ್ಕ ಕೇಳಲಿಲ್ಲ.” ಸೆರಗಿನಿಂದ ಮುಖ ಒರೆಸಿಕೊಂಡಳು. “ನಿನ್ನ ಮಿಷಿನ್ ಕೇಳತಿತ್ತಲ್ಲ, ಮತ್ತ ನಾ ಯಾಕ ಕೇಳಲಿ ಅಂತ ನಂಗ ನಾನೇ ಹೇಳಿಕೊಂಡೆ.”

ಬೆಂಗಳೂರಿಗೆ ಮರಳಿ ಮೂರು ಪುಟದ ವರದಿ ಬರೆದೆ. ಹಾಸಗಲ್ಲೂರು ರೇಖೆ ತಪ್ಪು. ಅದನ್ನು ಎಲ್ಲ ಶಾಲೆಗಳಿಂದ ತೆಗೆಯಬೇಕು. ಎಲ್ಲ ಕೊಠಡಿಗಳನ್ನೂ ಇಪ್ಪತ್ತೆಂಟಕ್ಕೆ ನಿಲ್ಲಿಸಬೇಕು. ತೊಟ್ಟಿ, ಪಂಪು ದೊಡ್ಡವಾಗಬೇಕು. ಕರೆಂಟಿನ ಮಿತಿ ಏರಿಸಬೇಕು. ವೇಣುಮಾಧವ ಅವರು ವರದಿಯನ್ನು ನನ್ನೆದುರೇ ಎರಡು ಸಲ ಓದಿದರು. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

“ಇದು ನಿಜ ಅಂತ ನನಗೂ ಅನ್ಸುತ್ತೆ ಮೇಡಂ,” ಎಂದರು. “ಆದರೆ ಯೋಚನೆ ಮಾಡಿ. ನಾನೂರು ಶಾಲೆ ಇವತ್ತು ತೆರೆದಿರೋದು ಈ ರೇಖೆ ಮೇಲೆ. ರೇಖೆ ಸುಳ್ಳು ಅಂದ ದಿನ ನಾನೂರಕ್ಕೂ ಪ್ರಮಾಣಪತ್ರ ಹೋಗುತ್ತೆ. ಹೊಸ ಪಂಪು, ಹೊಸ ತೊಟ್ಟಿ ಬರೋಕೆ ನಾಲ್ಕು ವರ್ಷ ಆದರೂ ಬೇಕು. ಅಲ್ಲಿವರೆಗೆ ಬೇಸಿಗೆಯಲ್ಲಿ ಎಲ್ಲ ಬಂದ್. ಆ ಮಕ್ಕಳು ಎಲ್ಲಿಗೆ ಹೋಗ್ತಾರೆ ಅಂತ ನನಗಿಂತ ನಿಮಗೆ ಗೊತ್ತು.”

“ಹಾಗಂತ ಮೂವತ್ತಾರರಲ್ಲಿ ಕೂರಿಸೋದಾ ಸರ್?”

“ನಾನು ತೀರ್ಮಾನ ಮಾಡಲ್ಲ. ಶಾಲೆಯವರೇ ಮಾಡಲಿ.” ಒಂದು ಕಾಗದ ಮುಂದಿಟ್ಟರು. ‘ನಮ್ಮ ಶಾಲೆಯ ಮಕ್ಕಳ ಅಭಿಪ್ರಾಯ ಯಾವ ಒತ್ತಡವೂ ಇಲ್ಲದೆ, ಅವರ ನಿಜವಾದ ಅನುಭವದಂತೆ ದಾಖಲಾಗಿದೆ’ ಎಂದಿತ್ತು. ಕೆಳಗೆ ಮುಖ್ಯೋಪಾಧ್ಯಾಯಿನಿಯ ಸಹಿ, ಅದರ ಕೆಳಗೆ ವ್ಯವಸ್ಥೆ ಆರಿಸಿದ ಎಂಜಿನಿಯರ್ ಸಹಿ. “ಇದಕ್ಕೆ ಸಹಿ ಬಂದರೆ ಹುಡುಗಿಗೆ ಆದದ್ದು ಅವಳ ಆರೋಗ್ಯದ ತೊಂದರೆ ಅಂತ ಆಗುತ್ತೆ. ಬರದೇ ಇದ್ದರೆ ನಿಮ್ಮ ವರದಿ ಮೇಲೆ ಕಳಿಸ್ತೀನಿ. ಎರಡಕ್ಕೂ ನಾನು ತಯಾರಿದ್ದೀನಿ.”

ಬೈಯಬಹುದಾದ ಮನುಷ್ಯನಾಗಿದ್ದರೆ ಬೈದು ಹಗುರವಾಗುತ್ತಿದ್ದೆ. ಕಾಗದ ಚೀಲಕ್ಕೆ ಹಾಕಿಕೊಂಡು ಮತ್ತೆ ಊರಿನ ರೈಲು ಹತ್ತಿದೆ.

ಅಕ್ಕ ಪಾಲಕರ ಸಭೆ ಕರೆದಳು. ಶಾಲೆಯ ಮುಂದಿನ ಬೇವಿನ ನೆರಳಿನಲ್ಲಿ, ಖಣಿಯ ಕೆಲಸ ಬಿಟ್ಟು ಮೈ ತುಂಬ ಬಿಳಿ ಧೂಳು ಹೊತ್ತು ಅರವತ್ತು ಜನ ಬಂದು ಕೂತರು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ನನ್ನ ತಪ್ಪನ್ನೂ ಹೇಳಿದೆ. ಸಹಿ ಮಾಡುವುದು ಬೇಡ, ಸತ್ಯ ಮೇಲಕ್ಕೆ ಹೋಗಲಿ, ನಾಲ್ಕು ಬೇಸಿಗೆ ಕಷ್ಟಪಟ್ಟರೆ ಆಮೇಲೆ ಎಲ್ಲರಿಗೂ ಸರಿಯಾದ ತಂಪು ಬರುತ್ತದೆ ಎಂದೆ. ಮಾತಾಡುತ್ತಿರುವಾಗ ನನ್ನ ಕಣ್ಣು ಹಿಂದಿನ ಸಾಲಿನಲ್ಲಿದ್ದ ಭೀಮಬಾಯಿಯನ್ನೇ ಹುಡುಕುತ್ತಿತ್ತು. ಆಕೆ ರತ್ನಮಾಲಾಳ ತಾಯಿ. ಆಕೆಯ ಬಾಯಿಂದ ಒಂದು ಬೈಗುಳವಾದರೂ ಬೀಳಲಿ ಎಂದು ನಾನು ಕಾಯುತ್ತಿದ್ದೆ.

ಭೀಮಬಾಯಿ ಎದ್ದು ನಿಂತಳು. “ಮೇಡಮ್ರ, ನಾಕು ಬ್ಯಾಸಗಿ ಅಂದ್ರ ಎಷ್ಟ್ರಿ? ಈಗ ಮೂರನೇದ್ದಾಗಿರೋ ಹುಡುಗರು ಏಳನೇದ್ದಕ್ಕ ಬರತಾವ. ಅಷ್ಟರೊಳಗ ಅವು ಕಲ್ಲು ಒಡಿಯೋದು ಕಲತಿರತಾವ.”

“ನಿನ್ನ ಮಗಳಿಗೆ ಹಿಂಗಾಗ್ಯಾದಲ್ಲ ಭೀಮಬಾಯಿ,” ಎಂದೆ.

“ಆಗ್ಯಾದ್ರಿ. ನನ್ನ ಹೊಟ್ಟಿ ಉರಿಯೋದು ನಂಗೊಬ್ಬಾಕಿಗೇ ಗೊತ್ತು.” ಆಕೆ ಅಳಲಿಲ್ಲ. “ಖರೇ, ಶಾಲ್ಯಾಗ ಬಿದ್ಲು. ಟೀಚರ್ ಓಡಿ ಬಂದ್ರು, ಟ್ಯಾಕ್ಟರ್ ಬಂತು, ದವಾಖಾನಿ ಕಂಡ್ಲು. ನೀವೂ ಬೆಂಗಳೂರಿಂದ ಬಂದ್ರಿ. ಖಣ್ಯಾಗ ಹೋದ ವರ್ಷ ಇಬ್ಬರು ಬಿದ್ರು. ಯಾರ ಬಂದ್ರಿ? ಅಲ್ಲಿ ನಲವತ್ತೇಳು ಅದ, ಇಲ್ಲಿ ಮೂವತ್ತಾರು. ನನ್ನ ಸಣ್ಣಾಕಿ ಒಂದನೇದ್ದಾಗ ಅದಾಳ. ಆಕಿಗಿ ಶಾಲಿ ಬೇಕು. ಸಹಿ ಮಾಡ್ರಿ.”

ಸಭೆಯಲ್ಲಿ ಒಬ್ಬರೂ ಬೇಡ ಎನ್ನಲಿಲ್ಲ. ಅಲ್ಲಿಯ ಮೌನವನ್ನೂ ನಾನು ಸಮ್ಮತಿ ಎಂದೇ ಬರೆದುಕೊಳ್ಳಬೇಕಾಯಿತು.

ಅಕ್ಕ ಮೇಜಿನ ಮೇಲೆ ಕಾಗದ ಇಟ್ಟು, ಕನ್ನಡಕ ಹಾಕಿಕೊಂಡು, ನಿಧಾನವಾಗಿ ಪೂರ್ತಿ ಓದಿ ಸಹಿ ಮಾಡಿದಳು. ಪೆನ್ನು ನನ್ನ ಕೈಗೆ ಕೊಟ್ಟಳು. ನಾನು ಮಾಡದಿದ್ದರೆ ಆ ಕಾಗದಕ್ಕೆ ಬೆಲೆಯಿರಲಿಲ್ಲ. ಮಾಡದಿರಬಹುದಿತ್ತು. ಅರವತ್ತು ಜನರ ಕಣ್ಣು ನನ್ನ ಕೈಮೇಲಿತ್ತು. ಅವರ ಮಕ್ಕಳ ಬೇಸಿಗೆಗಳೆಲ್ಲ ಆ ಪೆನ್ನಿನಲ್ಲಿದ್ದವು. ಮಾಡಿದೆ. ರತ್ನಮಾಲಾಳದು ‘ಆರೋಗ್ಯದ ತೊಂದರೆ’ಯಾಯಿತು.

ಒಂದೇ ಒಂದು ಕೆಲಸ ಮಾಡಿ ಬಂದೆ. ಮಧ್ಯಾಹ್ನದ ಹೊತ್ತು ಏಳನೇ ತರಗತಿಯವರನ್ನು ಒಂದನೇ ತರಗತಿಯ ಕೊಠಡಿಯಲ್ಲೇ ಕೂರಿಸು, ಇಬ್ಬರಿಗೂ ಒಂದೇ ನೆಲದ ತಂಪಾಗಲಿ ಎಂದು ಅಕ್ಕನಿಗೆ ಹೇಳಿದೆ. ವಾರದೊಳಗೆ ಮಂಡಳಿಯಿಂದ ನೋಟೀಸು ಬಂತು: ಒಂದು ಕೊಠಡಿಯಲ್ಲಿ ಎಂಬತ್ತು ಮಕ್ಕಳಿದ್ದರೆ ಉಸಿರಾಟದ ಗಾಳಿ ಸಾಲದು, ಹಸಿರು ನಿಯಮದ ಉಲ್ಲಂಘನೆ. ಆ ನಿಯಮ ಬರೆದವಳೂ ನಾನೇ. ಮಕ್ಕಳು ತಮ್ಮ ತಮ್ಮ ಕೊಠಡಿಗೆ ಮರಳಿದರು.

ಮುಂದಿನ ಜನವರಿಯಲ್ಲಿ ಹೊಸ ಆದೇಶ ಹೊರಬಿತ್ತು. ರಾಜ್ಯದಲ್ಲಿ ಕರೆಂಟಿನ ಅಭಾವ ಇನ್ನೂ ಹೆಚ್ಚಾದ್ದರಿಂದ ಶಾಲೆಗಳ ಮಿತಿಯನ್ನು ತಗ್ಗಿಸಲಾಗಿತ್ತು. ಹನ್ನೊಂದು ವರ್ಷ ಮೇಲ್ಪಟ್ಟ ಮಕ್ಕಳ ಕೊಠಡಿಗಳಿಗೆ ಇನ್ನು ಮೂವತ್ತೇಳು ಡಿಗ್ರಿ. ಕಾರಣವನ್ನೂ ವಿವರವಾಗಿ ಕೊಟ್ಟಿದ್ದರು. ‘ಹಾಸಗಲ್ಲೂರು ಶಾಲೆಯ ಮಕ್ಕಳು ಮೂವತ್ತಾರು ಡಿಗ್ರಿಯನ್ನು ಯಾವ ದೂರೂ ಇಲ್ಲದೆ ಸ್ವೀಕರಿಸಿರುವುದು ದಾಖಲೆಯಿಂದಲೂ, ಮುಖ್ಯೋಪಾಧ್ಯಾಯಿನಿ ಮತ್ತು ತಜ್ಞ ಎಂಜಿನಿಯರ್ ಅವರ ಲಿಖಿತ ದೃಢೀಕರಣದಿಂದಲೂ ಸಾಬೀತಾಗಿರುತ್ತದೆ. ಆದ್ದರಿಂದ ಇನ್ನೊಂದು ಡಿಗ್ರಿಯ ಏರಿಕೆ ಸಾಧ್ಯವೆಂದು ಮಂಡಳಿ ಭಾವಿಸುತ್ತದೆ.’

ಆದೇಶ ಓದಿದೊಡನೆ ಅಧ್ಯಕ್ಷರ ಕೋಣೆಗೆ ಓಡಿದೆ. ವೇಣುಮಾಧವ ಅವರು ಡಿಸೆಂಬರ್‌ನಲ್ಲೇ ನಿವೃತ್ತರಾಗಿದ್ದರು. ಅವರ ಕುರ್ಚಿಯಲ್ಲಿ ಹೊಸಬರೊಬ್ಬರು ಕೂತಿದ್ದರು. ನಾನು ನಡೆದದ್ದನ್ನೆಲ್ಲ ಹೇಳಿ, ಆ ದೃಢೀಕರಣ ಸುಳ್ಳು ಎಂದೆ. ಅವರು ಕಡತ ತೆರೆದು ನನ್ನ ಸಹಿಯನ್ನು ನನಗೇ ತೋರಿಸಿದರು.

“ಆಗ ಸುಳ್ಳು ಹೇಳಿದ್ರೋ, ಈಗ ಹೇಳ್ತಿದ್ದೀರೋ, ನನಗೆ ಹೇಗೆ ಗೊತ್ತಾಗಬೇಕು ಮೇಡಂ?” ಎಂದರು, ಮರ್ಯಾದೆಯಿಂದಲೇ.

ಮಧ್ಯಾಹ್ನ ಅಕ್ಕನ ಫೋನ್ ಬಂತು. ಆದೇಶ ಅವಳಿಗೂ ತಲುಪಿತ್ತು. ಹಿಂದೆ ಮಕ್ಕಳು ಮಗ್ಗಿ ಒಪ್ಪಿಸುವ ಸದ್ದು ಕೇಳುತ್ತಿತ್ತು.

“ಮೂವತ್ತೇಳು ಅಂತ ನಾ ಈ ಹುಡುಗರಿಗಿ ಹ್ಯಾಂಗ ಹೇಳಲಿ ಕಾಶಿ?”

“ಹೇಳಬ್ಯಾಡ ಅಕ್ಕ,” ಎಂದೆ. “ಅವರಿಗೇ ಗೊತ್ತಾಗತದ.”